ಆಗುಂಬೆ ಘಾಟಿ ಹತ್ತಿದ ಕಾಲು ತಂಗ್ಲಾಂಗ್ ಲಾಗೆ ಸಾಕೇ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ನಾಲ್ಕು ವರ್ಷದಿಂದ ಎಂಟಿಬಿ (ಗುಡ್ಡಗಾಡಿನ ಸೈಕಲ್) ಓಡಿಸುತ್ತಿದ್ದೇನೆ. ಸೋಮೇಶ್ವರದಿಂದ ಆಗುಂಬೆಗೆ ತಿಂಗಳಿಗೆ ಮೂರು ನಾಲ್ಕು ಸಲ ಹತ್ತುತ್ತೇನೆ, ಮುಳ್ಳಯ್ಯನಗಿರಿ ಎರಡು ಸಲ ಆಗಿದೆ, ಎಲ್ಲೂ ಇಳಿದು ತಳ್ಳಿಲ್ಲ. ಆಗಸ್ಟ್ ಎರಡನೇ ವಾರದಲ್ಲಿ ಮೂವರು ಸ್ನೇಹಿತರು ಸೇರಿ ಮನಾಲಿಯಿಂದ ಲೇಹ್‌ಗೆ ಎಂಟು ದಿನದಲ್ಲಿ ಹೋಗುವ ಯೋಚನೆ. ಸಾಮಾನೆಲ್ಲ ಸೈಕಲ್ ಮೇಲೇ. ರಾತ್ರಿ ತಂಗುವುದು ಮಢಿ, ಕೇಲಾಂಗ್, ಝಿಂಗ್‌ಝಿಂಗ್‌ಬಾರ್, ಸರ್ಚು, ಪಾಂಗ್, ದೇಬ್ರಿಂಗ್, ಉಪ್ಶಿ. ಸೈಕಲ್ ಮುಂದೆ ಮಾತ್ರ ಸಸ್ಪೆನ್ಶನ್ ಇರುವ, 29 ಇಂಚಿನ ಚಕ್ರದ ಹಾರ್ಡ್‌ಟೇಲ್, ಮುಂದೆ 32 ಹಲ್ಲು, ಹಿಂದಿನ ಗೇರುಚಕ್ರಗಳು 11ರಿಂದ 46 ಹಲ್ಲು. ಈ ತಯಾರಿ ಸಾಕೇ? ಸೈಕಲ್‌ನಲ್ಲಿ ಏನು ಬದಲಿಸಬೇಕು? ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಮಾತ್ರೆ ನುಂಗಬೇಕೇ?

ಉತ್ತರ: ಕಾಲಿನ ಮಟ್ಟಿಗೆ ತಯಾರಿ ಸಾಕು. ತಪ್ಪಿರುವುದು ನೀವು ಬರೆದಿರುವ ರಾತ್ರಿಗಳ ಪಟ್ಟಿಯಲ್ಲಿ. ಸೈಕಲ್, ಗೇರು, ಮಾತ್ರೆ ಎಲ್ಲ ಆಮೇಲಿನ ಮಾತು, ಮೊದಲು ಅದನ್ನು ತಿದ್ದೋಣ.

ಗಾಳಿಯಲ್ಲಿ ಆಮ್ಲಜನಕದ ಪಾಲು ಯಾವ ಎತ್ತರದಲ್ಲೂ ಶೇಕಡಾ 21ರ ಹತ್ತಿರವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದ್ದು 100 ಅಂತ ಇಟ್ಟುಕೊಂಡರೆ 570 ಮೀಟರಿನ ಶಿವಮೊಗ್ಗದಲ್ಲಿ ಸುಮಾರು 94, 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ 80, 3,500 ಮೀಟರಿನ ಲೇಹ್‌ನಲ್ಲಿ 65, ನಿಮ್ಮ ದಾರಿಯಲ್ಲಿರುವ 5,328 ಮೀಟರಿನ ತಂಗ್ಲಾಂಗ್ ಲಾದಲ್ಲಿ (‘ಲಾ’ ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ) 52. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ನೆತ್ತಿಯೇ 1,930 ಆಗಿರುವಾಗ, ಮುಳ್ಳಯ್ಯನಗಿರಿಯನ್ನು ಎರಡಲ್ಲ ಇಪ್ಪತ್ತು ಸಲ ಹತ್ತಿದರೂ ದೇಹಕ್ಕೆ ಆ ಎತ್ತರದ ರೂಢಿ ಆಗುವುದಿಲ್ಲ. ಕಸುವಿದ್ದವರಿಗೆ ಕಾಯಿಲೆ ಬರುವುದಿಲ್ಲ ಎಂಬುದೂ ಸುಳ್ಳು. ಕಾಲು ಗಟ್ಟಿ ಇದ್ದವರು ದಿನಕ್ಕೆ ಹೆಚ್ಚು ಹತ್ತಿಬಿಡುತ್ತಾರೆ, ಅದರಿಂದಲೇ ಸಿಕ್ಕಿಬೀಳುತ್ತಾರೆ. ಹಗಲು ಎಷ್ಟು ಎತ್ತರ ದಾಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಪರ್ವತ ವೈದ್ಯರು ಹೇಳುವ ಲೆಕ್ಕ ಇದು.

ಈಗ ನಿಮ್ಮ ಪಟ್ಟಿಗೆ ಇದನ್ನು ಹಚ್ಚಿ ನೋಡಿ. ಮನಾಲಿ 2,050. ಮೊದಲ ರಾತ್ರಿ ಮಢಿ ಅಂದರೆ ಸುಮಾರು 3,300, ಒಂದೇ ಏಟಿಗೆ 1,250 ಮೀಟರ್. ರೋಹ್ತಾಂಗ್ ದಾಟಿ ಕೇಲಾಂಗ್‌ಗೆ ಇಳಿದರೆ 3,080, ಅದೇನೋ ಒಳ್ಳೆಯದೇ. ಮರುದಿನವೇ ಝಿಂಗ್‌ಝಿಂಗ್‌ಬಾರ್, ಅದು 4,270ರ ಆಸುಪಾಸು. ಒಂದೇ ರಾತ್ರಿಗೆ 1,200 ಮೀಟರಿನಷ್ಟು ಜಿಗಿತ. ತಲೆನೋವು, ವಾಕರಿಕೆ ಹಿಡಿಯುವುದು ಅಲ್ಲಿ. ಆದರೆ ಹಾಗೆ ಹಿಡಿದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ‘ನಾಳೆ ಸರಿಹೋಗುತ್ತೆ’ ಅಂತ ಬಾರಾಲಾಚಾ ಲಾ ದಾಟಿ ಸರ್ಚುಗೆ ಹೋಗುತ್ತಾರೆ.

ಸರ್ಚು ಒಂದು ಬೋನು. ಈ ಕಾಯಿಲೆಗೆ ಖಚಿತವಾದ ಮದ್ದೊಂದೇ, ಕೆಳಗೆ ಇಳಿಯುವುದು. 4,290 ಮೀಟರಿನ ಸರ್ಚುವಿನಿಂದ ಹಿಂದಕ್ಕೆ ಇಳಿಯಬೇಕೆಂದರೆ ಮೊದಲು 4,890ರ ಬಾರಾಲಾಚಾ ಹತ್ತಬೇಕು. ಮುಂದಕ್ಕೆ ಹೋದರೆ ಗಾಟಾ ಲೂಪ್ಸ್‌ನ 21 ತಿರುವು, ನಕೀ ಲಾ, ಆಮೇಲೆ 5,060ರ ಲಾಚುಲುಂಗ್ ಲಾ. ಅದನ್ನು ದಾಟಿ ಪಾಂಗ್ ಸೇರಿದರೆ 4,600, ಅಲ್ಲಿಂದ ಮುಂದೆ ಮೋರೆ ಬಯಲು, ತಂಗ್ಲಾಂಗ್ ಲಾ. ಅಂದರೆ ಸರ್ಚುವಿನಿಂದ, ತಂಗ್ಲಾಂಗ್ ಲಾ ಇಳಿದ ಮೇಲೆ ಸಿಗುವ ರುಮ್ತ್ಸೆಯವರೆಗೆ ಇಳಿಯಬೇಕಾದವನೂ ಹತ್ತಲೇಬೇಕು. ಆಗುಂಬೆಯಲ್ಲಿ ಸುಸ್ತಾದರೆ ಸೈಕಲ್ ತಿರುಗಿಸಿದರಾಯಿತು, ಅರ್ಧ ಗಂಟೆಯಲ್ಲಿ ಸೋಮೇಶ್ವರ. ಅಲ್ಲಿ ತಿರುಗಿಸಿದರೂ ಏರು. ಆದ್ದರಿಂದ ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಆಗಬೇಕಾದದ್ದು ಬಾರಾಲಾಚಾಕ್ಕೆ ಮೊದಲು, ಕೇಲಾಂಗ್ ಆದ ಮೇಲೆ ಸಿಗುವ ಜಿಸ್ಪಾ ಅಥವಾ ಪಟ್ಸಿಯೋದಲ್ಲಿ. ಅಲ್ಲಿಂದ ಹಿಂದಕ್ಕೆ ಬರೀ ಇಳಿಜಾರು. ಮೂವರಲ್ಲಿ ಒಬ್ಬರಿಗೆ ಪಟ್ಸಿಯೋದಲ್ಲಿ ಬೆಳಿಗ್ಗೆಯೂ ತಲೆನೋವು ಇದ್ದರೆ ಮೂವರೂ ಅಲ್ಲೇ ನಿಲ್ಲಬೇಕು ಅಂತ ಊರಲ್ಲೇ ಮಾತಾಡಿಕೊಂಡು ಹೊರಡಿ. ಅಲ್ಲಿ ನಿಂತು ಮಾತಾಡುವಾಗ ಯಾರಿಗೂ ‘ನನ್ನಿಂದ ಆಗಲ್ಲ’ ಅನ್ನಲು ಬಾಯಿ ಬರುವುದಿಲ್ಲ.

ಸರಿಯಾದ ಪಟ್ಟಿ ಹೀಗಿರಬಹುದು. ಮನಾಲಿಯಲ್ಲಿ ಎರಡು ರಾತ್ರಿ, ನಂತರ 2,500ರ ಕೋಠಿಯಲ್ಲೊಂದು, ಮಢಿಯಲ್ಲೊಂದು. ಕೋಠಿ ತೀರಾ ಹತ್ತಿರ, ಅರ್ಧ ದಿನ ಸುಮ್ಮನೆ ಕೂರಬೇಕಾಗುತ್ತದೆ, ಕೂರಿ. ರೋಹ್ತಾಂಗ್ (3,978) ದಾಟಿ ಸಿಸ್ಸು, ಆಮೇಲೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ. ಅಲ್ಲಿಂದ ಪಟ್ಸಿಯೋ (ಸುಮಾರು 3,800), ಸರ್ಚು, ಪಾಂಗ್, ದೇಬ್ರಿಂಗ್, ತಂಗ್ಲಾಂಗ್ ಲಾ ದಾಟಿ ಉಪ್ಶಿ, ಲೇಹ್. ಜಿಸ್ಪಾದಿಂದ ಪಟ್ಸಿಯೋಗೆ ಮಾತ್ರ 600 ಮೀಟರ್ ಬರುತ್ತದೆ, ಅದಕ್ಕೇ ಅದರ ಹಿಂದೆ ಎರಡು ರಾತ್ರಿ ಇಟ್ಟಿರುವುದು. ಒಟ್ಟು ಹನ್ನೆರಡು ದಿನ, ಕೈಯಲ್ಲಿ ಇನ್ನೊಂದೆರಡು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಮೇಲಿನ ಹಳೇ ರಸ್ತೆಯಲ್ಲಿ ಲಾರಿಗಳ ಕಾಟ ಇಳಿದಿದೆ. ಸೈಕಲ್ಲಿಗೆ ಅದೇ ಚೆಂದ, ಒಗ್ಗಿಕೊಳ್ಳಲೂ ಅದೇ ಅನುಕೂಲ.

ರಜೆ ಎಂಟೇ ದಿನ ಅಂತಾದರೆ ಮನಾಲಿ ದಾರಿ ಬಿಟ್ಟುಬಿಡಿ. ಶ್ರೀನಗರದಿಂದ ಲೇಹ್‌ಗೆ ಹೋಗಿ. ಸುಮಾರು 420 ಕಿಲೋಮೀಟರ್, ರಾತ್ರಿಗಳು ತಾವಾಗಿಯೇ ಸರಿಯಾಗಿ ಬೀಳುತ್ತವೆ: ಶ್ರೀನಗರ 1,585, ಸೋನಮಾರ್ಗ್ ಸುಮಾರು 2,700, ಝೋಜಿ ಲಾ (3,528) ದಾಟಿ ದ್ರಾಸ್ 3,280, ಮತ್ತೆ ಇಳಿದು ಕಾರ್ಗಿಲ್ 2,676, ಮುಲ್ಬೇಖ್, ಲಾಮಾಯುರು, ಲೇಹ್. ದಾರಿಯ ಅತಿ ಎತ್ತರ 4,108ರ ಫೋತು ಲಾ, ಅದೂ ಹಗಲು ದಾಟಿ ಇಳಿಯುವುದು ಮಾತ್ರ. ಮೊದಲ ಸಲಕ್ಕೆ ಈ ದಾರಿ ಚಿಕ್ಕದೇನಲ್ಲ. ಅಮರನಾಥ ಯಾತ್ರೆ ಮುಗಿದ ಮೇಲೆ ಹೊರಟರೆ ಸೋನಮಾರ್ಗ್ ಕಡೆ ಗದ್ದಲವೂ ಇರುವುದಿಲ್ಲ.

ಯಾವ ದಾರಿಯಾದರೂ ಆಗಸ್ಟ್ ಎರಡನೇ ವಾರಕ್ಕಿಂತ ಕೊನೆಯ ವಾರ ಮೇಲು. ರಸ್ತೆಗೆ ಅಡ್ಡ ಹರಿಯುವ ನಾಲಾಗಳ ನೀರು ಹಿಮ ಕರಗಿ ಬರುವಂಥದ್ದು, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮಧ್ಯಾಹ್ನ ಮೂರಕ್ಕೆ ಮೊಣಕಾಲು ಮುಟ್ಟುತ್ತದೆ. ನಮ್ಮ ಹಳ್ಳ ಏರುವುದು ಮಳೆ ಬಂದರೆ, ಅಲ್ಲಿಯದು ಬಿಸಿಲು ಬಂದರೆ. ಗಾಳಿಯೂ ಮಧ್ಯಾಹ್ನದ ಮೇಲೇ ಜೋರು. ಬೆಳಿಗ್ಗೆ ಆರಕ್ಕೆ ಹೊರಟು ಎರಡರೊಳಗೆ ದಿನ ಮುಗಿಸಿಬಿಡಿ.

ಡಯಾಮಾಕ್ಸ್ ವಿಷಯ. ಅದರ ಮದ್ದಿನ ಹೆಸರು ಅಸೆಟಜೋಲಮೈಡ್. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ. ಅದು ತಲೆನೋವು ಮುಚ್ಚಿಡುವ ಮಾತ್ರೆಯಲ್ಲ, ಉಸಿರಾಟ ಹೆಚ್ಚಿಸಿ ದೇಹ ಬೇಗ ಒಗ್ಗುವಂತೆ ಮಾಡುತ್ತದೆ. ಬೆರಳ ತುದಿ ಜುಮುಜುಮು ಎನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ, ಸೋಡಾ ರುಚಿ ಕೆಡುತ್ತದೆ. ಇವೆಲ್ಲ ಸಹಜ. ಸಲ್ಫಾ ಮಾತ್ರೆಗಳಿಗೆ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ಮೊದಲೇ ವೈದ್ಯರಿಗೆ ಹೇಳಬೇಕು. ಉಳಿದವರೂ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವುದು ಬೇಡ, ಒಂದೆರಡು ದಿನ ಮನೆಯಲ್ಲೇ ನುಂಗಿ ನೋಡಿ ಹೊರಡುವುದು ಒಳ್ಳೆಯದು. ಮೇಲೆ ಬರೆದ ಹನ್ನೆರಡು ದಿನದ ಪಟ್ಟಿ ಪಾಲಿಸಿದರೆ ಅನೇಕರಿಗೆ ಮಾತ್ರೆಯ ಅಗತ್ಯವೇ ಬೀಳುವುದಿಲ್ಲ. ಎಂಟು ದಿನದ ಪಟ್ಟಿ ಇಟ್ಟುಕೊಂಡು ಮಾತ್ರೆ ನಂಬಿ ಹೋಗುವುದಾದರೆ ಅದು ಬ್ರೇಕ್ ಸವೆದ ಸೈಕಲ್ಲಿಗೆ ಒಳ್ಳೆಯ ಹೆಲ್ಮೆಟ್ ಕೊಂಡಂತೆ.

ದಿನಾ ಬೆಳಿಗ್ಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ಅತಿಯಾದ ನಿತ್ರಾಣ ಯಾವುದಾದರೂ ಇದ್ದರೆ ಆ ದಿನ ಮೇಲೆ ಹೋಗುವಂತಿಲ್ಲ. ಹಿಮ್ಮಡಿಗೆ ಬೆರಳು ತಾಗಿಸುತ್ತ ನೆಲದ ಗೆರೆ ಮೇಲೆ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಮಲಗಿದರೆ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಬಂದರೆ ಶ್ವಾಸಕೋಶದಲ್ಲಿ ನೀರು. ಈ ಎರಡರಲ್ಲಿ ಯಾವುದಾದರೂ ಬೆಳಗಾಗಲಿ ಅಂತ ಕಾಯುವ ಕಾಯಿಲೆಯಲ್ಲ. ಸೈಕಲ್ ಅಲ್ಲೇ ಬಿಟ್ಟು ಸಿಕ್ಕ ಗಾಡಿ ಹತ್ತಿಸಿ, ಜೊತೆಗೆ ಒಬ್ಬರು ಹೋಗಿ. ಪಾಂಗ್‌ನಲ್ಲಿ ಸೇನೆಯ ಕ್ಯಾಂಪಿದೆ, ಹತ್ತಿರವಿದ್ದರೆ ಅಲ್ಲಿ ಕೇಳಿ. ರಾತ್ರಿ ನಿದ್ದೆಯಲ್ಲಿ ಕೆಲವು ಸೆಕೆಂಡ್ ಉಸಿರು ನಿಂತು ಮತ್ತೆ ಜೋರಾಗಿ ಶುರುವಾಗುವುದು ಮಾತ್ರ ಆ ಎತ್ತರದಲ್ಲಿ ಹೆಚ್ಚಿನವರಿಗೆ ಆಗುವಂಥದ್ದು, ಗಾಬರಿ ಬೇಡ. ಆಕ್ಸಿಮೀಟರ್ ಒಯ್ದರೆ ಒಯ್ಯಿರಿ, ಆದರೆ ತಣ್ಣಗಾದ ಬೆರಳಿನಲ್ಲಿ ಅದು ತಪ್ಪು ಅಂಕಿ ತೋರಿಸುತ್ತದೆ. ಗೆರೆ ಮೇಲಿನ ನಡಿಗೆಯೇ ಅದಕ್ಕಿಂತ ನಂಬಿಕಸ್ತ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಈಗ ಗೇರು. ನೀವು, ಸೈಕಲ್, ಸಾಮಾನು, ನೀರು ಎಲ್ಲ ಸೇರಿ 100 ಕಿಲೋ ಎನ್ನೋಣ. ಆ ರಸ್ತೆಯ ಏರು ಹೆಚ್ಚಿನ ಕಡೆ ನೂರು ಮೀಟರಿಗೆ ಐದಾರು ಮೀಟರ್ ಮಾತ್ರ, ಆಗುಂಬೆಯ 14 ತಿರುವು ಕಂಡವರಿಗೆ ಇದೇನು ಏರು ಅನ್ನಿಸುವಷ್ಟು. ಮುಂದೆ 32, ಹಿಂದೆ 46 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 5.7 ಕಿಲೋಮೀಟರ್, ಆರು ಪರ್ಸೆಂಟ್ ಏರಿಗೆ ಬೇಕಾಗುವ ಶಕ್ತಿ ಸುಮಾರು 115 ವ್ಯಾಟ್. ಊರಲ್ಲಿ ಒಂದು ಗಂಟೆ 200 ವ್ಯಾಟ್ ಎಳೆಯಬಲ್ಲವನಿಗೆ ಇದು ತಮಾಷೆ. ಆದರೆ 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ದೇಹದ ಗರಿಷ್ಠ ಸಾಮರ್ಥ್ಯ ಒಂದು ಪರ್ಸೆಂಟಿನಷ್ಟು ಇಳಿಯುತ್ತ ಹೋಗುತ್ತದೆ. 5,000ದಲ್ಲಿ ಆ 200 ವ್ಯಾಟ್ 130 ಆಗಿರುತ್ತದೆ. ಆಗ 115 ಅಂದರೆ ಹೆಚ್ಚುಕಡಿಮೆ ಪೂರ್ತಿ ದಮ್ಮು, ಅದೂ ಮೂರು ನಾಲ್ಕು ಗಂಟೆ. ಮುಂದಿನ ಚಕ್ರ 28 ಹಲ್ಲಿಗೆ ಇಳಿಸಿದರೆ ವೇಗ 5.0, ಶಕ್ತಿ ಸುಮಾರು 100 ವ್ಯಾಟ್. ಹದಿನೈದು ವ್ಯಾಟ್ ಇಲ್ಲಿ ಲೆಕ್ಕಕ್ಕಿಲ್ಲ, ಅಲ್ಲಿ ಉಸಿರು ಕಟ್ಟುವುದಕ್ಕೂ ಕಟ್ಟದಿರುವುದಕ್ಕೂ ಇರುವ ಅಂತರವೇ ಅದು. ನಿಮ್ಮ ಕ್ರ್ಯಾಂಕಿಗೆ (ಪೆಡಲ್ ತೋಳಿಗೆ) 28 ಕೂರದಿದ್ದರೆ 30 ಹಾಕಿಸಿ. ಹಿಂದಿನ ಕ್ಯಾಸೆಟ್ (ಗೇರುಚಕ್ರಗಳ ಗುಂಪು) ಬದಲಿಸುವುದಕ್ಕಿಂತ ಇದೇ ಅಗ್ಗ. ಚೈನು ಎರಡು ಕೊಂಡಿ ಮೋಟು ಮಾಡಬೇಕಾಗಬಹುದು, ಅಷ್ಟೇ.

ತುಳಿಯುವ ಅಳತೆಗೆ ಹಾರ್ಟ್‌ರೇಟ್ ಗಡಿಯಾರ ನಂಬಬೇಡಿ. ಎತ್ತರದಲ್ಲಿ ಸುಮ್ಮನಿದ್ದಾಗಿನ ಬಡಿತ ಏರುತ್ತದೆ, ಗರಿಷ್ಠ ಬಡಿತ ಇಳಿಯುತ್ತದೆ, ಊರಿನ ಲೆಕ್ಕ ಕೈಕೊಡುತ್ತದೆ. ‘ಮುಂದಿನ ತಿರುವಿನಲ್ಲಿ ನಿಲ್ಲೋಣ, ನೀರು ಕುಡಿಯೋಣ’ ಎಂಬಷ್ಟು ಉದ್ದದ ಮಾತು ಒಂದೇ ಉಸಿರಿಗೆ ಆಡಲು ಬರಬೇಕು. ನಡುವೆ ತುಂಡಾದರೆ ಗೇರು ಇಳಿಸಿ, ಗೇರು ಉಳಿದಿಲ್ಲವಾದರೆ ಸೈಕಲ್ ಇಳಿದು ತಳ್ಳಿ. ತಳ್ಳುವುದು ಅವಮಾನವಲ್ಲ ಎನ್ನುವುದನ್ನು, ಎಲ್ಲೂ ತಳ್ಳಿಲ್ಲ ಎಂದು ಬರೆದಿರುವ ನಿಮಗೆ ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಇನ್ನೊಂದು ಚಿಕ್ಕ ವಿಷಯ: ಏರಿನಲ್ಲಿ ಬಾಟಲಿ ಎತ್ತಿ ನೀರು ಕುಡಿದರೆ ಆ ನಾಲ್ಕು ಗುಟುಕಿನ ಹೊತ್ತು ಉಸಿರು ಕಟ್ಟುತ್ತದೆ, ಮತ್ತೆ ಹದಕ್ಕೆ ಬರಲು ಎರಡು ನಿಮಿಷ ಬೇಕು. ನಿಂತು ಕುಡಿಯಿರಿ.

ಊರಲ್ಲಿ ಮಾಡುವ ತಯಾರಿಯ ರೀತಿ ಸ್ವಲ್ಪ ಬದಲಾಗಲಿ. ಆಗುಂಬೆ ಘಾಟಿಯನ್ನು ಗಡಿಯಾರ ನೋಡಿಕೊಂಡು ಹತ್ತುವುದು ನಿಲ್ಲಿಸಿ. 12 ಕಿಲೋ ಸಾಮಾನು ಕಟ್ಟಿಕೊಂಡು, ಆಸನದಿಂದ ಏಳದೆ, ಮಾತಾಡುವ ವೇಗದಲ್ಲಿ ಶನಿವಾರ ಎರಡು ಸಲ, ಭಾನುವಾರ ಮತ್ತೆ ಒಂದು ಸಲ. ಎರಡನೇ ದಿನದ ಸುಸ್ತಿನ ಮೇಲೆ ತುಳಿಯುವುದು ಅಭ್ಯಾಸವಾಗಬೇಕು. ಹೊರಡುವ ಮುಂಚಿನ ಹನ್ನೆರಡು ವಾರದಲ್ಲಿ ಹೀಗೆ ಏಳೆಂಟು ವಾರಾಂತ್ಯ ಸಿಕ್ಕರೆ ಸಾಕು. ತೊಂದರೆ ಎಂದರೆ ಆ ಹನ್ನೆರಡು ವಾರದಲ್ಲೇ ಆರಿದ್ರೆ, ಪುನರ್ವಸು, ಪುಷ್ಯ ಎಲ್ಲ ಸುರಿಯುವುದು. ಮಂಜು ಕವಿದ ತಿರುವಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದಿಲ್ಲ, ಹಿಂದೆ ಕೆಂಪು ದೀಪ ಉರಿಯುತ್ತಿರಲಿ, ಮಣ್ಣು ಕುಸಿಯುವ ಜಡಿಮಳೆಯ ದಿನ ಘಾಟಿ ಬೇಡವೇ ಬೇಡ. ಮಳೆಗೆ ಮೊದಲು, ಮೇ ತಿಂಗಳಲ್ಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡು ಕೊಡಚಾದ್ರಿಯ ಜೀಪ್ ದಾರಿ ಒಮ್ಮೆ ಮಾಡಿ. ಸಡಿಲ ಕಲ್ಲಿನ ಮೇಲೆ ಭಾರದ ಸೈಕಲ್ ಹೇಗೆ ಜಾರುತ್ತದೆ ಎಂದು ಅಲ್ಲಿ ತಿಳಿಯುತ್ತದೆ, ಲಡಾಖಿನ ಕಿತ್ತ ರಸ್ತೆಗಳಿಗೆ ಅದೇ ಪಾಠ.

ಮಳೆಗಾಲ ಪೂರ್ತಿ ಇಲ್ಲಿ ಓಡಿದ ಸೈಕಲ್ಲನ್ನು ಹಾಗೇ ತೆಗೆದುಕೊಂಡು ಹೋಗಬೇಡಿ. ನಮ್ಮ ಕೆಮ್ಮಣ್ಣಿನ ರಾಡಿ ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ಹಿಂದಿನ ಹಬ್, ಬಿಬಿ (ಪೆಡಲಿನ ಅಚ್ಚು), ಹ್ಯಾಂಡಲ್ ಬುಡದ ಹೆಡ್‌ಸೆಟ್ ಬೇರಿಂಗ್ ಮೂರನ್ನೂ ಬಿಚ್ಚಿ ನೋಡಿಸಿ, ಗರಗರ ಅಂದರೆ ಬದಲಿಸಿ. ಚೈನಿನ ಸವೆತ ಅಳೆಯುವ ಚೈನ್ ಚೆಕರ್‌ನ 0.5ರ ಕಡ್ಡಿ ಒಳಗೆ ಇಳಿದರೆ ಹೊಸ ಚೈನು. ಬ್ರೇಕ್ ಪ್ಯಾಡ್ ರೆಸಿನ್ (ಮೆದು) ಇದ್ದರೆ ಸಿಂಟರ್ಡ್ (ಲೋಹದ ಪುಡಿಯದು) ಹಾಕಿಸಿ, ಡಿಸ್ಕ್ ಅದಕ್ಕೆ ಒಪ್ಪುವಂಥದ್ದೇ ಎಂದು ನೋಡಿಕೊಳ್ಳಿ. ಚೈನಿಗೆ ಇಲ್ಲಿ ಹಾಕುವ ವೆಟ್ ಲೂಬ್ ಎಂಬ ಎಣ್ಣೆ ಅಲ್ಲಿ ದೂಳು ಹಿಡಿದು ಕಪ್ಪು ಅಂಟಾಗುತ್ತದೆ, ಡ್ರೈ ಅಥವಾ ಮೇಣದ ಲೂಬ್ ಒಯ್ಯಿರಿ. ಉಂಬಳದ ಕಾಟ ಮಾತ್ರ ಅಲ್ಲಿಲ್ಲ.

ಟಯರಿನ ಗಾಳಿ ಬಗ್ಗೆ ಅನೇಕರು ವಿನಾಕಾರಣ ತಲೆಕೆಡಿಸಿಕೊಳ್ಳುತ್ತಾರೆ. ಹೊರಗಿನ ಒತ್ತಡ ಇಳಿದಂತೆ ಟಯರು ಗಡುಸಾಗುವುದು ನಿಜ, ಆದರೆ ಚಳಿ ಅದನ್ನು ಮೆತ್ತಗೆ ಮಾಡುತ್ತದೆ. ಶಿವಮೊಗ್ಗದಲ್ಲಿ 28 ಡಿಗ್ರಿಯಲ್ಲಿ 22 ಪಿಎಸ್‌ಐ ತುಂಬಿದ್ದು ತಂಗ್ಲಾಂಗ್ ಲಾದಲ್ಲಿ 5 ಡಿಗ್ರಿಗೆ 25ರ ಹತ್ತಿರ ನಿಲ್ಲುತ್ತದೆ. ಸೈಕಲ್ ಕಲ್ಲಿನ ಮೇಲೆ ಪುಟಿದರೆ ಸ್ವಲ್ಪ ಗಾಳಿ ಬಿಡಿ, ಸಾಕು. ನಿಜವಾದ ಕಷ್ಟ ಪಂಕ್ಚರ್ ಆದಾಗ. ಕೈಪಂಪು ಒಂದೊಂದು ಹೊಡೆತಕ್ಕೂ ತಳ್ಳುವುದು ಅಲ್ಲಿನ ತೆಳು ಗಾಳಿಯನ್ನೇ. ಊರಲ್ಲಿ 150 ಹೊಡೆತಕ್ಕೆ ತುಂಬುವ ಟಯರು ತಂಗ್ಲಾಂಗ್ ಲಾ ತುದಿಯಲ್ಲಿ 270 ಹೊಡೆತ ಕೇಳುತ್ತದೆ, ಅದೂ ಬಗ್ಗಿ ಶೂ ದಾರ ಕಟ್ಟಿದರೆ ತೇಕು ಬರುವ ಜಾಗದಲ್ಲಿ. ಅದಕ್ಕೇ ಪಂಪು ದಪ್ಪನೆಯದು, ಎಂಟಿಬಿಗೆಂದೇ ಮಾಡಿದ್ದು ಇರಲಿ, ಮೂವರೂ ಸರದಿಯಲ್ಲಿ ಹೊಡೆಯಿರಿ. ಟ್ಯೂಬ್‌ಲೆಸ್ ಆದರೆ ಹೊರಡುವ ವಾರ ಹಳೇ ಸೀಲೆಂಟ್ (ತೂತು ಮುಚ್ಚುವ ದ್ರವ) ತೆಗೆದು ಚಕ್ರಕ್ಕೆ 100 ಮಿಲಿಲೀಟರ್ ಹೊಸದು ಹಾಕಿ, ಆದರೂ ತಲಾ ಎರಡು ಟ್ಯೂಬ್ ಇರಲಿ.

ಊಟದಲ್ಲಿ ಮಲೆನಾಡಿನವರಿಗೆ ಅನುಕೂಲವಿದೆ. 4,600 ಮೀಟರಿನಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ, ಡಾಬಾದವರೂ ಕುಕ್ಕರ್ ಇಟ್ಟಿರುತ್ತಾರೆ. ಅವಲಕ್ಕಿಗೆ ಬೇಯುವ ಹಂಗಿಲ್ಲ. ತೆಳು ಅವಲಕ್ಕಿ, ಬೆಲ್ಲದ ಪುಡಿ, ಹುರಿಹಿಟ್ಟು ತಲಾ ಒಂದು ಕಿಲೋ ಕಟ್ಟಿಕೊಳ್ಳಿ. ಲಡಾಖಿಗಳ ಹುರಿದ ಬಾರ್ಲಿ ಹಿಟ್ಟು ಇದೇ ಜಾತಿ, ಮುಗಿದರೆ ಅದು ಸಿಗುತ್ತದೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಹಸಿವಿಲ್ಲದಿದ್ದರೂ ಗಂಟೆಗೆ ಒಂದು ಹಿಡಿ ಬಾಯಿಗೆ ಹಾಕಬೇಕು. ನೀರು ದಿನಕ್ಕೆ ಮೂರು ನಾಲ್ಕು ಲೀಟರ್, ಅದರಲ್ಲಿ ಒಂದೆರಡಕ್ಕೆ ಓಆರ್‌ಎಸ್. ಸರ್ಚು ಪಾಂಗ್ ನಡುವೆ ಹೊರಡುವಾಗಲೇ ಮೂರು ಲೀಟರ್ ಹೊತ್ತಿರಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಲಾದ ತುದಿ ಮುಟ್ಟಿದ ಕೂಡಲೇ ಫೋಟೋಕ್ಕೆ ಮೊದಲು ಬೆವರಿನ ಜರ್ಸಿ ತೆಗೆದು ಒಣಗಿದ್ದು ಹಾಕಿ, ಜಾಕೆಟ್ಟಿನ ಒಳಗೆ ಎದೆಗೆ ಒಂದು ಹಾಳೆ ನ್ಯೂಸ್‌ಪೇಪರ್ ಇಡಿ. ತಂಗ್ಲಾಂಗ್ ಲಾದಿಂದ ಉಪ್ಶಿಗೆ ಸುಮಾರು 1,900 ಮೀಟರ್ ಇಳಿತ, ಬ್ರೇಕಿಗಿಂತ ಬ್ರೇಕ್ ಹಿಡಿವ ಬೆರಳು ಮೊದಲು ಸೋಲುತ್ತದೆ. ಪೂರ್ತಿ ಬೆರಳಿನ ಗ್ಲೌಸ್ ಬೇಕೇ ಬೇಕು.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯದು, ಮೂವರಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಸೈಕಲ್ ಡಬ್ಬಿ ಕಟ್ಟುವಾಗ ಡಿಸ್ಕ್ ಬಿಚ್ಚಿ ರಟ್ಟಿನ ನಡುವೆ ಇಡಿ, ಬ್ರೇಕ್ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಇಲ್ಲವಾದರೆ ದಾರಿಯಲ್ಲಿ ಯಾರೋ ಲಿವರ್ ಒತ್ತಿ, ಮನಾಲಿಯಲ್ಲಿ ಬಿಚ್ಚುವಾಗ ಪ್ಯಾಡು ಅಂಟಿಕೊಂಡಿರುತ್ತವೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಬಿಚ್ಚಿ ಫ್ರೇಮಿನ ಒಳಬದಿಗೆ ಕಟ್ಟಿ. ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಪುಟ್ಟ ತಗಡು ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು, ಬಾಗಿದರೆ ಶಿವಮೊಗ್ಗದಲ್ಲೂ ಸುಲಭಕ್ಕೆ ಸಿಗದು, ಸರ್ಚುವಿನಲ್ಲಂತೂ ಕೇಳುವಂತೆಯೇ ಇಲ್ಲ. ತರಿಸಲು ಮೂರು ನಾಲ್ಕು ವಾರ ಹಿಡಿಯಬಹುದು, ಮೂರೂ ಸೈಕಲ್ಲಿಗೆ ಒಂದೊಂದರಂತೆ ಈ ವಾರವೇ ಹೇಳಿಡಿ.